ಹೊನ್ನಾಳಿಯಲ್ಲಿ ತೆಗೆದ ದೃಷ್ಟಿ

ಜಗಳೂರಿನಿಂದ ಬೆಳಗಿನ ಬಸ್ಸಿಗೆ ಹೊರಟೆ. ಹೊನ್ನಾಳಿಯಲ್ಲಿ ನನ್ನ ಅಕ್ಕನ ಮೊಮ್ಮಗಳನ್ನು ಅಂದು ತೊಟ್ಟಿಲಿಗೆ ಹಾಕುವುದಿತ್ತು. ನಿಮ್ಮಪ್ಪ ಆಗ ದಾವಣಗೆರೆಯಲ್ಲಿ ಓದುತ್ತಿದ್ದ. ಅಲ್ಲಿನ ಬಸ್ ನಿಲ್ದಾಣದಲ್ಲಿ ನನಗಾಗಿ ಕಾದಿದ್ದ. ಜೊತೆಗೆ ಅವನ ಸಹಪಾಠಿ ಜೋಸೆಫ್. ಆಫ್ರಿಕಾದ ಕೀನ್ಯಾ ದೇಶದವನು. ಕನ್ನಡ ತಕ್ಕಮಟ್ಟಿಗೆ ಕಲಿತಿದ್ದ. ನಮ್ಮ ಮನೆಯ ಊಟ ಉಣ್ಣಬೇಕೆಂದು ಬಹಳ ದಿನದಿಂದ ಕೇಳುತ್ತಿದ್ದನಂತೆ.

ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿಂದೆವು. ಖಾರಕ್ಕೆ ಅವನ ಕಣ್ಣಲ್ಲಿ ನೀರು ಬಂತು. "ಅಮ್ಮ, ಇದು ತಿಂಡಿ ಅಲ್ಲ, ಜಗಳ" ಎಂದ. ನಾನು ಸೆರಗು ಬಾಯಿಗಿಟ್ಟು ನಕ್ಕೆ.

ಹೊನ್ನಾಳಿ ಬಸ್ಸು ತುಂಬಿತ್ತು, ಸೆಕೆಯೂ ಹೆಚ್ಚು. ಹಿಂದಿನ ಸೀಟಿನವನೊಬ್ಬ ಜೋಸೆಫನ ಕೂದಲನ್ನೇ ಮುಟ್ಟಿ ನೋಡಿದ. "ತೊಳೆದ್ರೂ ಹೋಗಾಕಿಲ್ವೇನಪ್ಪಾ ಈ ಬಣ್ಣ?" ಎಂದು ಕೇಳಿದ.

"ಹೋಗಲ್ಲ ಯಜಮಾನರೇ. ಕೇಳದೆ ಮುಟ್ಟಿದರೆ ಬೇಜಾರಾಗುತ್ತೆ" ಎಂದು ಜೋಸೆಫ್ ನಗುತ್ತ ಹೇಳಿದ. ಮಲೆಬೆನ್ನೂರಿನಲ್ಲಿ ಹತ್ತಿದವರಿಗೂ ಅದನ್ನೇ ಮೊದಲಿಂದ ಹೇಳಬೇಕಾಯಿತು. ಆಗ ನಗಲಿಲ್ಲ.

ಅಕ್ಕ ಅವನನ್ನು ಅಕ್ಕರೆಯಿಂದಲೇ ಒಳಗೆ ಕರೆದಳು. ಅವನು ಕೂಸನ್ನು ಎತ್ತಿಕೊಂಡು ತನ್ನ ಭಾಷೆಯಲ್ಲಿ ಏನೋ ಹಾಡಿದ. ಅವನು ಎಲೆಯ ಮುಂದೆ ಕುಳಿತ ಮೇಲೆ ಅಕ್ಕ ಉಪ್ಪು, ಮೆಣಸಿನಕಾಯಿ ತಂದು ಕೂಸಿಗೆ ನೀವಾಳಿಸಿ ಒಲೆಗೆ ಹಾಕಿದಳು.

"ಇದೂ ತೊಟ್ಟಿಲ ಶಾಸ್ತ್ರವಾ, ಅಮ್ಮ?" ಎಂದು ಅವನು ಆಸಕ್ತಿಯಿಂದ ಕೇಳಿದ.

"ಅಲ್ಲಪ್ಪಾ, ದೃಷ್ಟಿ ತೆಗೆದೆ. ಇಷ್ಟು ಕಪ್ಪಗಿರೋರ ಕಣ್ಣು ಕೂಸಿಗೆ ತಾಗ್ತೈತೆ. ನೀನೇನು ತಪ್ಪು ತಿಳ್ಕಬ್ಯಾಡ, ಹೋಳಿಗೆ ಹಾಕಿಸ್ಕ" ಎಂದಳು ಅಕ್ಕ.

ಅವನು ಎಲೆ ಬಿಟ್ಟು ಎದ್ದು ಕೈ ತೊಳೆದ. ಜಗಲಿಯಲ್ಲಿ ನಿಮ್ಮಪ್ಪ, "ನೀನೇ ಹೇಳೋ ದೊಡ್ಡಮ್ಮಂಗೆ. ನಿನ್ನ ಬಾಯಿಂದ ಬಂದ್ರೆ ನಾಟ್ತೈತೆ" ಎಂದ.

"ಬಸ್ಸಲ್ಲಿ ನಾನು ಹೇಳಿದೆ. ಹಾಸ್ಟೆಲಲ್ಲಿ ದಿನಾ ನಾನೇ ಹೇಳ್ತೀನಿ. ಇದು ನಿನ್ನ ಮನೆ. ಇಲ್ಲೂ ನಾನೇ ಹೇಳಬೇಕಾ?"

ಜೋಸೆಫ್ ಚೀಲ ತೆಗೆದುಕೊಂಡು ನಡೆದ. ನಿಮ್ಮಪ್ಪ ಹಿಂದೆಯೇ ಓಡಿದ.

ಅಕ್ಕನಿಗೆ ಎದುರು ಮಾತಾಡಿದವಳಲ್ಲ ನಾನು. ಅಡುಗೆಮನೆಗೆ ಹೋಗಿ ಅಂದೆ: "ತೊಟ್ಟಿಲಿಗೆ ಹಾಕೋವಾಗ ಗಂಡ ಇಲ್ಲದೋಳು ಅಂತ ನನ್ನನ್ನ ಬಾಗಿಲಾಚೆ ನಿಲ್ಲಿಸ್ತೀಯಲ್ಲ ಅಕ್ಕಾ, ನನಗೆ ಭಾಳ ನೋವಾಗ್ತೈತೆ. ಆ ಹುಡುಗಂಗೂ ಈಗ ಹಂಗೇ ಆಗಿರ್ತೈತೆ."

ಅಕ್ಕ ಕೈಯಲ್ಲಿದ್ದ ಸೌಟು ಕೆಳಗಿಟ್ಟು ನನ್ನ ಕಡೆ ತಿರುಗಿದಳು. "ಇಷ್ಟು ವರ್ಷ ಯಾಕೆ ಹೇಳ್ಲಿಲ್ಲೇ?" ಎಂದಳು. ಹೋಳಿಗೆ ಕಟ್ಟಿಕೊಂಡು ಬರಿಗಾಲಲ್ಲೇ ಬಸ್ ನಿಲ್ದಾಣಕ್ಕೆ ಹೊರಟಳು. ನಾವು ಹೋಗುವಷ್ಟರಲ್ಲಿ ಬಸ್ಸು ಹೋಗಿತ್ತು. ನಿಮ್ಮಪ್ಪ ಒಬ್ಬನೇ ನಿಂತಿದ್ದ.

ಮಾರನೆಯ ದಿನ ಊರಿಗೆ ಮರಳುವಾಗ ಆ ಹೋಳಿಗೆ ಗಂಟನ್ನು ದಾವಣಗೆರೆಯ ಹಾಸ್ಟೆಲಿಗೆ ಒಯ್ದು, ತನ್ನಿಂದ ತಪ್ಪಾಯಿತೆಂದು ಅಕ್ಕ ಹೇಳಿಕಳಿಸಿದ್ದನ್ನು ತಿಳಿಸಿದೆ. ಜೋಸೆಫ್ ಎರಡೂ ಕೈಯಿಂದ ತೆಗೆದುಕೊಂಡ. ಬಸ್ಸಿನವರೆಗೂ ನನ್ನ ಚೀಲ ಹೊತ್ತು ತಂದ. "ಯುಗಾದಿಗೆ ಜಗಳೂರಿಗೆ ಬಾಪ್ಪಾ" ಎಂದೆ.

"ನೋಡೋಣ ಅಮ್ಮ" ಎಂದ.

ಬರುವುದಿಲ್ಲವೆಂದು ಹೇಳಲು ಮನಸ್ಸಾಗದವರು ನಮ್ಮ ಕಡೆ ಹೇಳುವ ಮಾತದು. ಅದನ್ನೂ ಅವನು ಕಲಿತಿದ್ದ. ಬಸ್ಸು ತಿರುಗುವವರೆಗೆ ಕೈ ಬೀಸುತ್ತ ನಿಂತಿದ್ದ.