ತೂಕ ನೋಡಿ ಕೊಂಡ ಡಿಸ್ಕ್

ಪಾತ್ರೆಯನ್ನು ತೂಕ ನೋಡಿ ಕೊಳ್ಳಬೇಕು. ಸೈಕಲ್ಲಿನ ಮೇಲೆ ಸ್ಟೀಲ್ ಪಾತ್ರೆ ಹೇರಿಕೊಂಡು ತಿಕೋಟಾ ಸುತ್ತಿನ ಹಳ್ಳಿಗಳನ್ನು ತಿರುಗಿದವನು ನಾನು. ಈಗ ವಿಜಯಪುರದಲ್ಲಿ ಸ್ವಂತ ಅಂಗಡಿಯಿದೆ. ಒಂದೇ ಬೆಲೆಗೆ ಎರಡಿದ್ದರೆ ಭಾರದ್ದನ್ನು ಎತ್ತಿಕೊಳ್ಳಿ ಎಂದು ಯಾರೂ ಕೇಳದಿದ್ದರೂ ಹೇಳುತ್ತೇನೆ. ನನ್ನ ತಂಗಿಗೂ ಅದನ್ನೇ ಹೇಳಿದೆ. ಹೇಳಬಾರದಿತ್ತು.

ಅವಳು ಬಬಲೇಶ್ವರದಲ್ಲಿ ಶಾಲೆಯ ಶಿಕ್ಷಕಿ. ಯಾವುದೋ ತರಬೇತಿಗೆ ಹೋದಾಗ ಡಿಸ್ಕ್ ಗಾಲ್ಫ್ ಕಲಿತು ಬಂದಳು. ಪ್ಲಾಸ್ಟಿಕ್ ತಟ್ಟೆಯಂಥ ಡಿಸ್ಕನ್ನು ಎಸೆಯುತ್ತ ಹೋಗಿ ದೂರದ ಕಂಬಕ್ಕೆ ಇಳಿಬಿಟ್ಟ ಸರಪಳಿಗೆ ತಾಗಿಸಿ ಕೆಳಗಿನ ಬುಟ್ಟಿಗೆ ಬೀಳಿಸಬೇಕು. ಕಡಿಮೆ ಎಸೆತದಲ್ಲಿ ಮುಗಿಸಿದವರು ಗೆದ್ದಂತೆ. ಭೂತನಾಳ ಕೆರೆಯ ಆಚೆ ಪರಿಚಯದವರ ಬೀಳು ಹೊಲದಲ್ಲಿ ನಾನೇ ಕಂಬ ಮಾಡಿಸಿ ನಿಲ್ಲಿಸಿದೆ. ಭಾನುವಾರ ಬೆಳಿಗ್ಗೆ ಅವಳು ಬಸ್ಸಿಗೆ ಬರುತ್ತಿದ್ದಳು. ಕಂಬಕ್ಕೂ ನಮಗೂ ನಡುವೆ ಒಂದು ಒಣ ಹಳ್ಳ. ಅದನ್ನು ಒಂದೇ ಎಸೆತದಲ್ಲಿ ದಾಟಿಸಬೇಕೆಂಬುದೇ ಅವಳ ಆಸೆ. ಆದರೆ ಆಷಾಢದ ಎದುರುಗಾಳಿಗೆ ಅವಳ ಹಗುರ ಡಿಸ್ಕ್ ಬಲಕ್ಕೆ ಹೊರಳಿ ಜಾಲಿಕಂಟಿಯೊಳಗೆ ಹೋಗುತ್ತಿತ್ತು.

ದೂರ ಎಸೆಯಲೆಂದೇ ಮಾಡಿದ ಡಿಸ್ಕಿಗೆ ಡ್ರೈವರ್ ಎನ್ನುತ್ತಾರೆ. ಅದರಲ್ಲೂ ಓವರ್‌ಸ್ಟೇಬಲ್ ಎಂಬ ಜಾತಿಯದು ಗಾಳಿಗೆ ಹೊರಳುವುದಿಲ್ಲ. ಬಲಗೈಯವರು ಎಸೆದರೆ ಕೊನೆಗೆ ಎಡಕ್ಕೆ ಬಾಗಿ ಇಳಿಯುತ್ತದೆ. ನಗರದಲ್ಲಿ ಆಟ ಬಿಟ್ಟವರೊಬ್ಬರು ತಮ್ಮ ಡಿಸ್ಕುಗಳನ್ನು ಮಾರುತ್ತಿದ್ದರು. ಅವರ ಮನೆಯಲ್ಲಿ ಮಂಚದ ಮೇಲೆ ಹರವಿದ್ದವುಗಳಲ್ಲಿ ತಂಗಿ ಒಂದು ಹಳದಿಯದನ್ನು ಎತ್ತಿ, ಅಂಚಿಗೆ ಬೆರಳು ಕೂಡಿಸಿ ನೋಡಿದಳು. ಅದು ಸ್ವಲ್ಪವೇ ಎಡಕ್ಕೆ ಬಾಗುವಂಥದು.

“ಯಣ್ಣಾ, ಇದು ನನ್ನ ಕೈಗೆ ಕೂಡತೈತಿ.”

“ಅಷ್ಟ ರೊಕ್ಕಕ್ಕ ಆ ಕರೇದು ಬರತೈತಿ ನೋಡವ್ವಾ. ಭಾರ ಐತಿ, ಗಟ್ಟಿ ಐತಿ.”

ಕರಿಯದು ಎಲ್ಲಕ್ಕಿಂತ ಓವರ್‌ಸ್ಟೇಬಲ್, ರಭಸದ ತೋಳಿಗಷ್ಟೇ ಒಗ್ಗುತ್ತದೆ ಎಂದು ಮಾರುವವರು ಎಚ್ಚರಿಸಿದರು. ಒಳ್ಳೆಯ ಮಾಲು ಬಿಟ್ಟುಕೊಡಲು ಮನಸ್ಸಿಲ್ಲದ ಮಾತು ಎಂದುಕೊಂಡೆ. ಎದ್ದು ಹೊಸ್ತಿಲವರೆಗೆ ಹೋದೆ. ಅವರು ಕರೆದರು, ಕರಿಯದರ ಬೆಲೆ ಇಳಿಸಿದರು. ತಂಗಿ ಹಳದಿಯದನ್ನು ಮೆಲ್ಲಗೆ ಕೆಳಗಿಟ್ಟಳು.

ಆ ಭಾನುವಾರ ಕರಿಯ ಡಿಸ್ಕ್ ಬಲಕ್ಕೆ ಹೊರಳಲಿಲ್ಲ, ನಿಜ. ಅರ್ಧ ದಾರಿಗೇ ಎಡಕ್ಕೆ ವಾಲಿ ಹಳ್ಳದೊಳಗೆ ಬಿತ್ತು. ಜೋರಾಗಿ ಒಗೆ ಎಂದೆ. ಸೊಂಟ ತಿರುಗಿಸು, ಓಡಿ ಬಂದು ಒಗೆ ಎಂದೆ. ಪ್ರತಿ ಸಲ ಅವಳೇ ಇಳಿದು ಹೋಗಿ, ಏದುಸಿರು ಬಿಡುತ್ತ ತಂದಳು. ನಾಲ್ಕನೆಯ ಭಾನುವಾರ ಎಸೆದವಳು ಭುಜ ಹಿಡಿದು ಕೂತುಬಿಟ್ಟಳು. ತರಗತಿಯಲ್ಲಿ ಬೋರ್ಡಿನ ಮೇಲೆ ಬರೆಯಲೂ ಕೈ ಏಳದಾಯಿತು. ಆಮೇಲೆ ಅವಳು ಬರಲಿಲ್ಲ.

ಡಿಸ್ಕ್ ಕೊಳ್ಳುವವರಿಗೆ ಈಗ ಒಂದು ಮಾತು ಹೇಳುತ್ತೇನೆ: ನಿಮ್ಮ ತೋಳಿಗೆ ಇವತ್ತು ಎಷ್ಟು ವೇಗವಿದೆಯೋ ಅಷ್ಟಕ್ಕೆ ತಕ್ಕದ್ದನ್ನು ಕೊಳ್ಳಿ. ವೇಗ ಸಾಲದಿದ್ದರೆ ಓವರ್‌ಸ್ಟೇಬಲ್ ಡಿಸ್ಕ್ ಹಾರಾಟ ಮುಗಿಸದೆಯೇ ಕೆಳಗಿಳಿಯುತ್ತದೆ. ಮಾರುವವರು ಹೇಳಿದ್ದೂ ಇದನ್ನೇ. ಹಳದಿಯದನ್ನು ಕೇಳಿಕೊಂಡು ಮತ್ತೆ ಅವರ ಮನೆಗೆ ಹೋದೆ, ಚೌಕಾಶಿ ಮಾಡಬಾರದೆಂದು ನಿಶ್ಚಯಿಸಿಕೊಂಡೇ. ಅದು ಮಾರಿಹೋಗಿತ್ತು.

ಮೊನ್ನೆ ಬಬಲೇಶ್ವರಕ್ಕೆ ತಂಗಿಯ ಮನೆಗೆ ಹೋಗಿದ್ದೆ. ಭುಜ ನೆಟ್ಟಗಾಗಿದೆ. ಭಾನುವಾರ ಬಾ, ಬೇರೆ ಡಿಸ್ಕ್ ತರಿಸೋಣ, ಈ ಸಲ ನೀನೇ ಆರಿಸು ಎಂದೆ. ಅವಳು ಮಜ್ಜಿಗೆ ಕೊಡಲು ಎದ್ದಳು. ಮಜ್ಜಿಗೆಯ ಪಾತ್ರೆ ನಾನೇ ಕೊಟ್ಟದ್ದು, ದಪ್ಪ ತಳದ್ದು. ಅದರ ಮೇಲೆ ಮುಚ್ಚಳವಾಗಿ ಆ ಕರಿಯ ಡಿಸ್ಕ್ ಕೂತಿತ್ತು.

“ಚಲೋದ ಆರಿಸಿ ಕೊಟ್ಟಿ ಯಣ್ಣಾ,” ಎಂದಳು ಅದನ್ನು ಪಕ್ಕಕ್ಕಿಡುತ್ತ. “ಎಂಥಾ ಗಾಳಿ ಬಂದ್ರೂ ಹಾರೂದಿಲ್ಲ.”

ಮಜ್ಜಿಗೆ ಕುಡಿದೆ. ಭಾನುವಾರದ ಮಾತು ಮತ್ತೆ ಎತ್ತಲಿಲ್ಲ.