ಡೊರೊತಿಯಮ್ಮನ ಬಾವಿ ನೀರು, ನನ್ನ ಸಹಿ

ಇವತ್ತು ಫಿಲ್ಟರಿನಿಂದ ಡಿಕಾಕ್ಷನ್ ವಾಸನೆ ಸರಿಯಾಗಿ ಎದ್ದಿತು. ತಿಂಗಳ ಮೇಲಾಗಿತ್ತು. ತಪ್ಪು ಕಾಫಿಪುಡಿಯದಲ್ಲ, ನನ್ನದು. ಹೇಳಿಬಿಡುತ್ತೇನೆ, ಕೇಳಿ.

ಅಮೆರಿಕದ ನಾರ್ತ್‌ವಿಲ್ ಆಚೆಯ ನಮ್ಮ ಹೊಸ ಬಡಾವಣೆಗೆ ನಲ್ಲಿ ನೀರು ಬರುತ್ತದೆ. ಅದರ ಕ್ಲೋರಿನ್ ಕಾಫಿಗೆ ಮಾಡುವ ಅವಮಾನ ಸಹಿಸಲಾರದೆ, ರಸ್ತೆಯಾಚೆಯ ಹಳೆಯ ಮನೆಯ ಡೊರೊತಿಯವರ ಕೊಳವೆಬಾವಿಯಿಂದ ವಾರಕ್ಕೊಂದು ಕ್ಯಾನ್ ನೀರು ತರುತ್ತಿದ್ದೆ. ಅವರಿಗೆ ಕುಡಿಯಲು, ಮೀಯಲು ಆ ಬಾವಿಯೊಂದೇ ಗತಿ. ಮನಸ್ಸಿನಲ್ಲಿ ಅವರನ್ನು ಡೊರೊತಿಯಮ್ಮ ಎನ್ನುತ್ತೇನೆ. ನನಗಿಂತ ಎರಡು ವರ್ಷ ಚಿಕ್ಕವರು, ಇರಲಿ.

ಅವರ ಮನೆಯ ಹಿಂದಿನ ಹೊಲದಲ್ಲಿ ಫ್ರ್ಯಾಕಿಂಗ್ ಮಾಡುತ್ತಾರೆಂದು ಸುದ್ದಿ ಹಬ್ಬಿತು. ಆಳದ ಬಂಡೆಗೆ ನೀರು, ಮರಳು, ರಾಸಾಯನಿಕ ನುಗ್ಗಿಸಿ, ಸೀಳಿ, ಅನಿಲ ತೆಗೆಯುವ ಕೆಲಸ. ಅಂತರ್ಜಲ ಕೆಡುತ್ತದೆ ಎಂದು ಕೆಲವರು, ಏನೂ ಆಗದು ಎಂದು ಕೆಲವರು. ನಾನು ಇಬ್ಬರಿಗೂ ತಲೆಯಾಡಿಸುತ್ತಿದ್ದೆ. ಇಂಗ್ಲಿಷ್ ಅರ್ಧ ಅರ್ಥವಾಗುವವನಿಗೆ ಅದೇ ಕ್ಷೇಮ.

ಒಂದು ಮಧ್ಯಾಹ್ನ ಆ ಅನಿಲ ಕಂಪನಿಯವನೊಬ್ಬ ಬಾಗಿಲು ತಟ್ಟಿದ. ಯಾರೂ ಹೇಳದೆ ಬೂಟು ಬಿಚ್ಚಿಟ್ಟು ಒಳಗೆ ಬಂದ. ನಾನು ಅಲ್ಲೇ ಸೋತೆ. ಉಪ್ಪಿಟ್ಟನ್ನು ಎರಡನೆಯ ಸಲ ಹಾಕಿಸಿಕೊಂಡ. ಕಾಫಿ ಕುಡಿದು ‘ಇಂಥದ್ದು ಕುಡಿದೇ ಇರಲಿಲ್ಲ, ಸರ್’ ಎಂದ. ಈ ದೇಶದಲ್ಲಿ ಅದುವರೆಗೆ ನನ್ನನ್ನು ಸರ್ ಎಂದದ್ದು ಟ್ರಾಫಿಕ್ ಪೊಲೀಸರು ಮಾತ್ರ. ಅವನು ಚಾಚಿದ ಹಾಳೆಗೆ ಓದದೆ ಸಹಿ ಹಾಕಿದೆ. ಹೈಸ್ಕೂಲು ಮುಗಿಸಿ ಮೈಸೂರಿನ ಪ್ರೆಸ್ಸಿನಲ್ಲಿ ಮೂವತ್ತು ವರ್ಷ ಪ್ರೂಫ್ ತಿದ್ದಿದವನು ಸ್ವಾಮಿ ನಾನು! ಯಾರದೋ ಲಗ್ನಪತ್ರಿಕೆಯಲ್ಲಿ ಒಂದು ಕೊಂಬು ಬಿಟ್ಟುಹೋದರೂ ಹಿಡಿಯುತ್ತಿದ್ದವನು.

ಊರಾಡಳಿತದ ಟೌನ್‌ಶಿಪ್ ಸಭೆಯಲ್ಲಿ ಆ ಹಾಳೆ ಓದಿದರು. ಬಾವಿಗಳ ಬಗ್ಗೆ ತಮಗೆ ಆತಂಕವಿಲ್ಲ ಎಂದ ನೆರೆಯವರ ಪಟ್ಟಿ ಅದು. ನನ್ನ ಹೆಸರನ್ನು ಎಷ್ಟೇ ತಿರುಚಿ ಓದಿದರೂ ಡೊರೊತಿಯಮ್ಮನಿಗೆ ತಿಳಿಯಿತು. ಒಮ್ಮೆ ತಿರುಗಿ ನೋಡಿದರು, ಅಷ್ಟೆ.

ಕಾರಿನಲ್ಲಿ ಮಗಳು ಸುಧಾ ಕೇಳಿದಳು: “ಅಪ್ಪ, ಓದ್ದೇ ಸೈನ್ ಮಾಡಿದ್ಯಾ?”

“ಒಳ್ಳೇ ಹುಡುಗ ಕಣೇ. ಬೂಟ್ ಬಿಚ್ಚಿಟ್ಟ.”

“ಅವನ ಬೂಟ್ ಕಾಣ್ಸ್ತು, ಆಂಟಿ ಬಾವಿ ಕಾಣಿಸ್ಲಿಲ್ಲ. ಅದೇ ನೀರಲ್ಲಿ ಅವನಿಗೆ ಕಾಫಿ ಬೇರೆ!”

ಕ್ಯಾನ್ ಹಿಡಿದು ರಸ್ತೆ ದಾಟಲು ಮುಖವಿರಲಿಲ್ಲ. ಮುಂದಿನ ಸಭೆಯಲ್ಲಿ ಮೈಕಿನೆದುರು ನಿಂತು, ಓದದೆ ಹಾಕಿದ ಸಹಿ, ತೆಗೆದುಹಾಕಿ ಎಂದು ಕೇಳಿಕೊಂಡೆ. ಗಾಬರಿಯಲ್ಲಿ ಬೂಟಿನ ಕಥೆಯೂ ಬಾಯಿಂದ ಬಂತು. ಸಭೆ ನಕ್ಕಿತು, ಡೊರೊತಿಯಮ್ಮ ನಗಲಿಲ್ಲ. ಹೊಲದ ತೀರ್ಮಾನ ಇನ್ನೂ ಆಗಿಲ್ಲ.

ಇವತ್ತು ಬೆಳಿಗ್ಗೆ ಅವರೇ ಬಂದು ಕರೆದರು. “ಬಾವಿ ನೀರು ಟೆಸ್ಟಿಗೆ ಕಳಿಸ್ತಿದೀನಿ. ನಾಳೆ ಕೆಟ್ಟರೆ, ಮೊದಲು ಹೇಗಿತ್ತು ಅಂತ ತೋರಿಸ್ಬೇಕಲ್ಲ? ಬಾಟಲಿ ತುಂಬೋದಕ್ಕೆ ಒಬ್ಬರು ಸಾಕ್ಷಿ ಬೇಕು. ಸಹಿ ಹಾಕೋದ್ರಲ್ಲಿ ನೀವು ಚುರುಕು ತಾನೇ?”

ಹೋಗಿ ನೋಡಿದೆ. ಬಾಟಲಿ ತುಂಬಿದ ಮೇಲೆ ಒಂದು ಕ್ಯಾನನ್ನೂ ತುಂಬಿ ನನ್ನ ಕೈಗಿತ್ತರು. ಸಾಕ್ಷಿಯ ಹಾಳೆ ಹಿಡಿದು ನಮ್ಮ ಮನೆಗೇ ಬಂದರು; ಕೆಸರು ಬೂಟಿನಲ್ಲೇ ನಡೆದು ಬಂದು ಮೇಜಿನ ಮುಂದೆ ಕೂತರು. ನಾನು ಕಾಫಿ ಕೊಟ್ಟು, ಕನ್ನಡಕ ಹಾಕಿಕೊಂಡು ಓದತೊಡಗಿದೆ.

“ಒಂದು ಪುಟಕ್ಕೆ ಇಷ್ಟು ಹೊತ್ತಾ?” ಎಂದು ಗೊಣಗಿದರು.

ಅವರ ಮನೆಯ ನಂಬರಿನಲ್ಲಿ ಕೊನೆಯ ಎರಡು ಅಂಕಿ ಅದಲುಬದಲಾಗಿದ್ದವು. ಹಳೆಯ ಅಭ್ಯಾಸದಂತೆ ಸುತ್ತ ಗೆರೆ ಎಳೆದು ಹಾಳೆಯನ್ನು ಅವರತ್ತ ತಿರುಗಿಸಿದೆ. ಬಗ್ಗಿ ನೋಡಿದರು. ತಿದ್ದಿದರು. ನಾನು ಸಹಿ ಹಾಕಿದ ಮೇಲೆ ಖಾಲಿ ಲೋಟವನ್ನು ನನ್ನ ಕಡೆಗೆ ತಳ್ಳಿದರು.

“ಇನ್ನರ್ಧ ಹಾಕಿ.”