ಹದಿನೈದು ದಿನದ ಗಾಡಿ, ಹದಿನೈದು ದಿನದ ಹಾಡು

ನನ್ನ ತವರಿನ ಗಾಡಿಗೆ ಇಬ್ಬರು ಯಜಮಾನರು. ಅಮಾವಾಸ್ಯೆಯಿಂದ ಹುಣ್ಣಿಮೆಯವರೆಗೆ ಅಣ್ಣ, ಹುಣ್ಣಿಮೆಯಿಂದ ಅಮಾವಾಸ್ಯೆಯವರೆಗೆ ತಮ್ಮ. ಈ ಏರ್ಪಾಟು ಹೇಳಿಕೊಟ್ಟವಳು ನಾನೇ. ಜಾಣತನ ತೋರಿಸಲು ಹೋಗಿ ಎಂಟು ವರ್ಷ ಅನುಭವಿಸಿದೆ. ಈಗ ನೆನೆಸಿಕೊಂಡರೂ ಮೈಯೆಲ್ಲ ಸೋತಂತಾಗುತ್ತದೆ.

ನಮ್ಮ ಊರು ಇಂಡಿ ತಾಲೂಕಿನಲ್ಲಿದೆ, ಹೊರ್ತಿಯಿಂದ ಇನ್ನೂ ಒಳಗೆ ಹೋಗಬೇಕು. ನನ್ನನ್ನು ಕೊಟ್ಟದ್ದು ಬಸವನ ಬಾಗೇವಾಡಿಗೆ. ತೊಂಬತ್ತರ ದಶಕದ ಕೊನೆಯಲ್ಲಿ ಅಪ್ಪ ಹತ್ತು ಮಂದಿ ಕೂಡುವ ದೊಡ್ಡ ಗಾಡಿ ತಂದಿದ್ದ. ಮನೆಮಂದಿಯೆಲ್ಲ ಒಂದೇ ಗಾಡಿಯಲ್ಲಿ ಓಡಾಡಬೇಕು ಅನ್ನುವುದು ಅವನ ಆಸೆ. ಆ ಸುಖ ಅವನಿಗೆ ದಕ್ಕಿದ್ದು ಎರಡೇ ವರ್ಷ. ಅವ್ವ ಮೊದಲೇ ಹೋಗಿದ್ದಳು. ಅಪ್ಪ ಹೋದ ಮರುವರ್ಷ ಪಡಸಾಲೆಯ ನಡುವೆ ಗೋಡೆ ಎದ್ದಿತು, ಅಣ್ಣ ತಮ್ಮ ಮಾತು ಬಿಟ್ಟರು. ಯಾವುದರಿಂದ ಶುರುವಾಯಿತು ಎಂದು ಕೇಳಿದರೆ ಇಬ್ಬರೂ ಬೇರೆ ಬೇರೆ ಹೇಳುತ್ತಿದ್ದರು. ಕೇಳುವುದನ್ನೇ ನಾನು ಬಿಟ್ಟೆ.

ಹೊಲ ಪಾಲಾಯಿತು, ಎತ್ತು ಪಾಲಾದವು, ಹಂಡೆ ತಪ್ಪೇಲಿಗಳೂ ಪಾಲಾದವು. ಗಾಡಿಯ ಹತ್ತಿರ ಬಂದು ಎಲ್ಲ ನಿಂತಿತು. ಅಪ್ಪ ತಂದದ್ದು ಎಂದು ಮಾರಲು ಇಬ್ಬರಿಗೂ ಮನಸ್ಸಿಲ್ಲ, ಬಿಟ್ಟುಕೊಡಲಂತೂ ಇಲ್ಲವೇ ಇಲ್ಲ. ಊರ ಹಿರಿಯರು ಎರಡು ದಿನ ಕಟ್ಟೆಯ ಮೇಲೆ ಕೂತು ತಲೆ ಕೆಡಿಸಿಕೊಂಡರು. ಹಬ್ಬಕ್ಕೆ ತವರಿಗೆ ಬಂದಿದ್ದ ನಾನು ಚಹಾ ಕೊಡಲು ಹೋಗಿ ನಡುವೆ ಬಾಯಿ ಹಾಕಿದೆ.

"ಅಮಾಸಿಯಿಂದ ಹುಣ್ಣಿಮಿತನಾ ಅಣ್ಣ ಇಟ್ಕೊಳ್ಲಿ, ಹುಣ್ಣಿಮಿಯಿಂದ ಅಮಾಸಿತನಾ ತಮ್ಮ ಇಟ್ಕೊಳ್ಲಿ. ಇಷ್ಟಕ್ಯಾಕ ಜಗಳಾ?"

"ಹುಡಿಗಿ ಶ್ಯಾಣ್ಯಾಕಿ ಅದಾಳ ನೋಡ್ರಿ," ಎಂದು ಒಬ್ಬ ಹಿರಿಯರು ಮೀಸೆ ಒರೆಸಿಕೊಂಡರು. ಆ ಮಾತಿಗೆ ನಾನು ಉಬ್ಬಿಹೋಗಿದ್ದು ನಿಜ.

ನಮ್ಮ ಕಡೆ ಪ್ರತಿ ಅಮಾವಾಸ್ಯೆಗೆ ಗಾಡಿ ತೊಳೆದು, ಪೂಜೆ ಮಾಡಿ, ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿ, ತೆಂಗಿನಕಾಯಿ ಒಡೆಯುತ್ತಾರೆ. ಅದೇ ದಿನ ಗಾಡಿ ತಮ್ಮನ ಬಾಗಿಲಿನಿಂದ ಅಣ್ಣನ ಬಾಗಿಲಿಗೆ ಬರಬೇಕು. ನಡುವೆ ಇರುವುದು ಹತ್ತು ಹೆಜ್ಜೆ. ತಮ್ಮ ಹಿಂದಿನ ಸಂಜೆಯೇ ತಿಕ್ಕಿ ತೊಳೆದು, ಕೀಲಿಯನ್ನು ಗೋಡೆಯ ಮೇಲಿಟ್ಟು ಹೋಗುತ್ತಿದ್ದ. ಬೆಳಿಗ್ಗೆ ಅಣ್ಣ ಕಾಯಿ ಒಡೆಯುತ್ತಿದ್ದ. ತೊಳೆಯುವವನು ಒಬ್ಬ, ಪೂಜೆಯ ಯಜಮಾನ ಇನ್ನೊಬ್ಬ.

ತಮ್ಮನಿಗೆ ಗಾಡಿಯ ಹುಚ್ಚು ಹತ್ತಿದ್ದು ಆಮೇಲೆ. ಅಣ್ಣ ಅದರಲ್ಲಿ ಗೊಬ್ಬರದ ಚೀಲ ಹೇರುತ್ತಿದ್ದ, ಕೂಲಿಯವರನ್ನು ಹೊಲಕ್ಕೆ ಒಯ್ಯುತ್ತಿದ್ದ. ತಮ್ಮ ತನ್ನ ಪಾಳಿ ಬಂದ ಕೂಡಲೇ ಸೀಟುಗಳಿಗೆ ಮೆರೂನ್ ಕವರು ಏರಿಸಿ, ಕಿಟಕಿಗೆ ಗೊಂಡೆಯ ಪರದೆ ಕಟ್ಟುತ್ತಿದ್ದ. ಮುಂದಿನ ಬಂಪರಿಗೆ ಹೊಳೆಯುವ ಪೈಪು, ಅದರ ಮೇಲೆ ಎರಡು ಹಳದಿ ದೀಪ, ಚಕ್ರಕ್ಕೆ ಬೆಳ್ಳಿ ಬಣ್ಣದ ಕ್ಯಾಪು. ಮುಂದಿನ ಗಾಜಿನ ನೆತ್ತಿಗೆ ‘ತಂದೆಯ ಆಶೀರ್ವಾದ’ ಎಂಬ ಸ್ಟಿಕರ್ ಅಂಟಿಸಿದ. ಅಣ್ಣ ತನ್ನ ಪಾಳಿಯಲ್ಲಿ ಪರದೆ ಕಿತ್ತ, ಕವರು ಕಿತ್ತ, ಆ ಸ್ಟಿಕರನ್ನು ಮಾತ್ರ ಮುಟ್ಟಲಿಲ್ಲ.

ಎಲ್ಲಕ್ಕಿಂತ ದೊಡ್ಡ ರಗಳೆ ಹಾಡಿನದು. ಸಿಂದಗಿಯಲ್ಲಿ ರೇಡಿಯೋ ರಿಪೇರಿ ಮಾಡುವವನೊಬ್ಬನ ಹತ್ತಿರ ನಾಲ್ಕು ದಿನ ಕೂತು ತಮ್ಮ ವೈರು ಜೋಡಿಸುವುದನ್ನು ಕಲಿತ. ಸೊಲ್ಲಾಪುರಕ್ಕೆ ಹೋಗಿ ಸ್ಪೀಕರು, ಆಂಪ್ಲಿಫಯರು ತಂದ. ದುಡ್ಡು ಕೊಟ್ಟು ಅಂಗಡಿಯಲ್ಲಿ ಕೂಡಿಸಬಹುದಿತ್ತು, ಆದರೆ ಬೇರೆಯವರ ಕೈಗೆ ಅಪ್ಪನ ಗಾಡಿ ಕೊಡಲು ಅವನಿಗೆ ಇಷ್ಟವಿರಲಿಲ್ಲ. ಮನೆಯ ಅಂಗಳದಲ್ಲೇ ಬಾಗಿಲಿನ ಒಳಹಲಗೆಯನ್ನು ಬ್ಲೇಡಿನಿಂದ ಕೊಯ್ದ. ತೂತು ಸ್ಪೀಕರಿಗಿಂತ ಒಂದು ಬೆರಳು ದೊಡ್ಡದಾಯಿತು. ಸೈಕಲ್ ಟ್ಯೂಬು ಕತ್ತರಿಸಿ ಸುತ್ತಲೂ ತುರುಕಿದ. ಹಿಂದಿನ ಸೀಟಿನ ಬೆನ್ನಿಗೆ ಪ್ಲೈವುಡ್ಡಿನ ದೊಡ್ಡ ಪೆಟ್ಟಿಗೆ ಮಾಡಿ, ಅದಕ್ಕೆ ಹಳೆಯ ಜಮಖಾನೆ ಹೊದಿಸಿ, ನಾಲ್ಕು ಬೋಲ್ಟು ಬಿಗಿದ. ಮೊದಲ ಸಲ ವೈರನ್ನು ನೇರವಾಗಿ ಬ್ಯಾಟರಿಗೆ ಕೊಟ್ಟಿದ್ದನಂತೆ. ಕೀಲಿ ತೆಗೆದರೂ ಆಂಪ್ಲಿಫಯರು ಒಳಗೊಳಗೇ ಕರೆಂಟು ಕುಡಿದು, ಅಮಾವಾಸ್ಯೆಯ ದಿನ ಕಾಯಿ ಒಡೆದ ಮೇಲೆ ಗಾಡಿ ಚಾಲೂ ಆಗಲೇ ಇಲ್ಲ. ಅಣ್ಣ ನಾಲ್ಕು ಆಳು ಕರೆದು ನೂಕಿಸಿದ. ಅಂದಿನಿಂದ ಅವನ ಕಟ್ಟಳೆ ಒಂದೇ: ಅಮಾವಾಸ್ಯೆಗೆ ಗಾಡಿ ಬರುವಾಗ ಒಂದು ವೈರೂ ಹಾಡಬಾರದು.

ಹಾಗಾಗಿ ತಮ್ಮ ಹುಣ್ಣಿಮೆಗೊಮ್ಮೆ ಎಲ್ಲ ಬಿಗಿಯುವುದು, ಅಮಾವಾಸ್ಯೆಯ ಹಿಂದಿನ ದಿನ ಎಲ್ಲ ಬಿಚ್ಚುವುದು. ವರ್ಷಕ್ಕೆ ಹನ್ನೆರಡು ಸಲ! ಒಮ್ಮೆ ಬಿಚ್ಚಿಟ್ಟ ಪೆಟ್ಟಿಗೆ ಹೊರಗೇ ಉಳಿದು ಮಳೆ ಬಂದಾಗ, ಅದರ ಮೇಲೆ ತಾಡಪತ್ರಿ ಹೊದಿಸಿ ಕಲ್ಲು ಹೇರಿದ್ದು ಅಣ್ಣನೇ ಎಂದು ವೈನಿ, ಅಂದರೆ ಅಣ್ಣನ ಹೆಂಡತಿ, ನನಗೆ ಹೇಳಿದಳು. ಹೀಗಿದ್ದೂ ಇವರು ಮಾತಾಡುವುದಿಲ್ಲ. ಅಣ್ಣನ ಮಾತು ತಮ್ಮನಿಗೆ, ತಮ್ಮನ ಮಾತು ಅಣ್ಣನಿಗೆ ಮುಟ್ಟಿಸುವ ಟಪಾಲು ನಾನು. ಎಸ್‌ಟಿಡಿ ಬೂತಿನಿಂದ ಒಬ್ಬ ಫೋನು ಮಾಡುವುದು, ಮರುದಿನ ಇನ್ನೊಬ್ಬ. ನನ್ನ ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ, ಬಟ್ಟೆ ಅಂಗಡಿ, ಎರಡು ಮಕ್ಕಳು, ದಿನಕ್ಕೆ ನಲವತ್ತು ರೊಟ್ಟಿ. ಫೋನು ಕಿವಿಗಿಟ್ಟು ‘ಹ್ಞೂಂ’ ಅನ್ನುತ್ತಲೇ ನನಗೆ ತೂಕಡಿಕೆ ಬರುತ್ತಿತ್ತು.

ತಮ್ಮ ಒಂದೆರಡು ಸಲ ಮುದ್ದೇಬಿಹಾಳದ ಮದುವೆಗೆ ಹೋಗುವಾಗ ನಮ್ಮ ಮನೆಯ ಮುಂದೆ ಗಾಡಿ ನಿಲ್ಲಿಸಿದ್ದ. ಓಣಿಯ ಮಕ್ಕಳೆಲ್ಲ ಮುತ್ತಿಕೊಂಡಿದ್ದರು.

"ಬಾರಕ್ಕಾ, ಒಂದ್ ರೌಂಡ್ ಹೊಡದು ಬರೂನು. ಸೌಂಡ್ ಕೇಳೀಯಂತ."

ನಾನು ಹಿಟ್ಟಿನ ಕೈಯಲ್ಲಿ ಹೊಸ್ತಿಲಲ್ಲಿ ನಿಂತಿದ್ದೆ. "ಈಗೆಲ್ಲಿ ಬರ್ಲೋ ತಮ್ಮಾ, ಹಂಚಿನ ಮ್ಯಾಲ ರೊಟ್ಟಿ ಐತಿ," ಎಂದೆ. "ಇರ್ಲಿ ತಗೋ, ಪಂಚಮಿಗಿ ನಾನ ಕರಿಯಾಕ ಬರ್ತೇನಿ," ಎಂದು ಹೋದ. ನಾನೂ ಹಾಗೇ ಅಂದುಕೊಂಡೆ. ನಮ್ಮಿಬ್ಬರಿಗೂ ಪಂಚಾಂಗ ನೆನಪಾಗಲಿಲ್ಲ.

ನಾಗರ ಪಂಚಮಿಗೆ ಅಣ್ಣತಮ್ಮಂದಿರು ಬಂದು ಕರೆದೊಯ್ದರೇ ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ತವರು. ಹಬ್ಬಕ್ಕಲ್ಲದೆ ನನ್ನನ್ನು ಬಿಡುವ ಮನೆಯೂ ಅದಲ್ಲ. ದೀಪಾವಳಿಗೆ ಅಂಗಡಿಯ ಲಕ್ಷ್ಮೀಪೂಜೆ ಬಿಟ್ಟು ಹೊರಡುವಂತಿರಲಿಲ್ಲ. ಹಾಗಾಗಿ ವರ್ಷಕ್ಕೆ ಅದೊಂದೇ ಸಲ. ಪ್ರತಿ ವರ್ಷ ಅಣ್ಣ ಬರುತ್ತಿದ್ದ, ನಾನು ಹತ್ತಿ ಕೂರುತ್ತಿದ್ದೆ, ಯಾಕೆ ಅವನೇ ಬರುತ್ತಾನೆ ಎಂದು ಯೋಚಿಸುವಷ್ಟು ಪುರುಸೊತ್ತು ನನಗಿರಲಿಲ್ಲ.

ಏಳನೆಯ ವರ್ಷ ನಾಗಚೌತಿಯ ಬೆಳಿಗ್ಗೆ ತಮ್ಮ ಬಂದು ಬಾಗಿಲಲ್ಲಿ ನಿಂತ. ಗಾಡಿ ಇಲ್ಲ. ಬಿಜಾಪುರದಲ್ಲಿ ಬಸ್ಸು ಬದಲಿಸಿ ಬಂದಿದ್ದ. ಅಂಗಿ ಬೆನ್ನಿಗೆ ಅಂಟಿತ್ತು. ಕೈಯಲ್ಲಿ ಜೋಳದ ಅರಳಿನ ಗಂಟು.

"ನಡಿ ಅಕ್ಕಾ, ನಿನ್ನ ಕರಿಯಾಕ ಬಂದೇನಿ. ಬಸ್ಸಿಗಿ ಹೋಗೂನು."

ನನ್ನ ಬಾಯಿಂದ ಬಂದದ್ದು ಇಷ್ಟು: "ಮಧ್ಯಾಹ್ನ ಅಣ್ಣ ಗಾಡಿ ತರ್ತಾನಲ್ಲೋ. ಎರಡೆರಡು ಬಸ್ಸು ಯಾರು ಹತ್ತಿ ಇಳೀಬೇಕು? ನೀನೂ ಅದರಾಗ ಬಾ."

ಅವನು ಗಂಟು ನನ್ನ ಮಗಳ ಕೈಗೆ ಕೊಟ್ಟ. ನೀರು ಕುಡಿದ, ಚಹಾ ಬೇಡವೆಂದ, ಬಂದ ದಾರಿಯಲ್ಲೇ ಹೊರಟುಹೋದ. ನನ್ನ ಮೊಣಕಾಲು ನೋಯುತ್ತಿತ್ತು, ಮಕ್ಕಳಿಗೆ ಬಸ್ಸಿನಲ್ಲಿ ವಾಂತಿಯಾಗುತ್ತಿತ್ತು, ಎಲ್ಲ ನಿಜ. ಆದರೂ ಕರೆಯಲು ಬಂದ ತಮ್ಮನನ್ನು ಗಾಡಿಯ ಆಸೆಗೆ ಹೊಸ್ತಿಲಿಂದ ತಿರುಗಿಸಿ ಕಳಿಸಿದೆ. ಅದಕ್ಕೆ ನನಗೆ ಇವತ್ತಿಗೂ ನಾಚಿಕೆಯಾಗುತ್ತದೆ.

ಮಧ್ಯಾಹ್ನ ಅಣ್ಣ ಬಂದ. ನಡುವಿನ ಸೀಟಿನಲ್ಲಿ ಕೂತೆ. ಬಾಗಿಲಿನ ತೂತಿನಿಂದ ಎರಡು ವೈರು ಜೋತುಬಿದ್ದಿದ್ದವು, ಗಾಡಿ ಕುಲುಕಿದಾಗಲೆಲ್ಲ ನನ್ನ ಮೊಣಕೈಗೆ ತಾಗುತ್ತಿದ್ದವು. ಬಿಚ್ಚಿ ಬಿಗಿಯುವಾಗ ಮರೆಯಬಾರದೆಂದು ತಮ್ಮ ಒಂದೊಂದು ವೈರಿಗೂ ಬಿಳಿ ಪಟ್ಟಿ ಸುತ್ತಿ ಪೆನ್ನಿನಲ್ಲಿ ಬರೆದಿದ್ದ. ಹಿಂದಿನ ಸೀಟಿಗೆ ಹೋಗುವುದರಲ್ಲಿ ‘ಹಿಂದ ಎಡಕ್ಕ’ ಎಂದಿತ್ತು. ನನ್ನ ಮೊಣಕೈಗೆ ತಾಗುತ್ತಿದ್ದುದರಲ್ಲಿ ‘ಅಕ್ಕನ ಬಾಜು’ ಎಂದಿತ್ತು.

"ಇದೇನಣ್ಣಾ?"

"ಅವನ ಹುಚ್ಚು. ಇನ್ನೇನು?" ಅಣ್ಣ ಕನ್ನಡಿಯಲ್ಲೂ ನೋಡಲಿಲ್ಲ.

ಆಗ ಬೆರಳು ಮಡಚಿ ಎಣಿಸಿದೆ. ಯುಗಾದಿ ಅಮಾವಾಸ್ಯೆಯ ಮರುದಿನ. ಪಂಚಮಿ ಅಮಾವಾಸ್ಯೆಯಾಗಿ ಐದನೆಯ ದಿನ. ಗಣಪತಿ, ದಸರೆ, ಎಲ್ಲವೂ ಅಮಾವಾಸ್ಯೆಯ ಈಚೆಗೇ. ಚಂದ್ರ ಬೆಳೆಯುವ ದಿನಗಳೆಲ್ಲ ಅಣ್ಣನಿಗೆ ಹೋಗಿದ್ದವು, ಕರಗುವ ದಿನಗಳು ತಮ್ಮನಿಗೆ. ಪಂಚಮಿ ಒಂದು ವರ್ಷವೂ ಅವನ ಪಾಲಿಗೆ ಬರುವುದು ಸಾಧ್ಯವಿರಲಿಲ್ಲ. ಕಟ್ಟೆಯ ಮೇಲೆ ಕೂತ ಅಷ್ಟು ಹಿರಿಯರಿಗೆ, ತಿಥಿ ನೋಡದೆ ಬೀಜ ಬಿತ್ತದವರಿಗೆ, ಇದು ಹೊಳೆದಿರಲಿಲ್ಲ. ಶ್ಯಾಣ್ಯಾಕಿಯಾದ ನನಗೂ ಹೊಳೆದಿರಲಿಲ್ಲ. ತಮ್ಮನಿಗೆ ಯಾವಾಗಲೋ ಹೊಳೆದಿತ್ತು, ಅದಕ್ಕೇ ಬಸ್ಸು ಹತ್ತಿ ಬಂದಿದ್ದ.

ಮರುದಿನ ಹಬ್ಬ. ಹೆಂಗಸರು ಹುತ್ತಕ್ಕೆ ಹಾಲೆರೆದು ಬಂದಿದ್ದರು, ಮಕ್ಕಳು ಬೇವಿನ ಮರದ ಜೋಕಾಲಿಯಲ್ಲಿದ್ದರು. ಅಣ್ಣನ ತಾಟಿಗೆ ಶೇಂಗಾ ಉಂಡೆ ಹಾಕಿ ಎದುರಿಗೇ ಕೂತೆ.

"ಮುಂದಿನ ಪಂಚಮಿಗಿ ತಮ್ಮ ಬರ್ಲಿ ನನ್ನ ಕರಿಯಾಕ. ಗಾಡಿ ಅವಂಗ ಕೊಡು."

"ಹಂಚಿಕಿ ಹೇಳಿದಾಕಿ ನೀನ ಅಲ್ಲ?"

"ಹೌದು, ನಂದ ತಪ್ಪು. ಅದಕ್ಕ ಈಗ ತಿದ್ದಾಕತ್ತೇನಿ."

"ಅಂವ ಬಂದು ಕೇಳ್ಲಿ."

"ಅಂವ ಕೇಳಂಗಿಲ್ಲ, ನೀ ಕೊಡಂಗಿಲ್ಲ. ನಡುವ ನಾ ಸಾಯಾಕತ್ತೇನಿ. ನನಗ ಸಾಕಾಗೇತಿ ಅಣ್ಣಾ. ಇಬ್ಬರ ಟಪಾಲೂ ಇವತ್ತಿಗಿ ಬಂದ್. ಮುಂದಿನ ವರ್ಷ ಅಂವ ಗಾಡಿ ತರ್ಲಿಲ್ಲ ಅಂದ್ರ ನಾ ಈ ಮನಿಗಿ ಬರಂಗಿಲ್ಲ."

ಹೇಳಿದ ಮೇಲೆ ನನಗೇ ಹೆದರಿಕೆಯಾಯಿತು. ತವರು ಬಿಟ್ಟರೆ ನನಗೆ ಹೋಗಲು ಇನ್ನೊಂದು ಜಾಗವಿರಲಿಲ್ಲ. ಅಣ್ಣ ಉಂಡೆಯನ್ನು ತಾಟಿನಲ್ಲಿ ಪುಡಿಪುಡಿ ಮಾಡಿದ, ತಿನ್ನಲಿಲ್ಲ. "ಹಬ್ಬದ ನಾಲ್ಕ ದಿವಸ ಒಯ್ಲಿ. ಆದ್ರ ಆ ಪೆಟ್ಟಿಗಿ ಕೂಡ್ಸಾಕ ನನ್ನ ಕರಿಬ್ಯಾಡ್ರಿ," ಎಂದು ಎದ್ದು ಕೈ ತೊಳೆದ. ಗೋಡೆಯಾಚೆ ಹೋಗಿ ತಮ್ಮನಿಗೆ ಹೇಳಿದೆ. ಅದೇ ನನ್ನ ಕೊನೆಯ ಟಪಾಲು.

ವರ್ಷ ಸರಿಯಿತು. ಪಂಚಮಿಯ ಹಿಂದಿನ ದಿನ, ಪ್ರತಿ ಸಲ ಕೈ ಹಚ್ಚುತ್ತಿದ್ದ ಆಳು ಹಬ್ಬಕ್ಕೆ ಹೋಗಿದ್ದರಿಂದ, ತಮ್ಮ ಒಬ್ಬನೇ ಪೆಟ್ಟಿಗೆ ಎತ್ತಲಾರದೆ ಒದ್ದಾಡುತ್ತಿದ್ದನಂತೆ. ಅಣ್ಣ ಹೋಗಿ ಇನ್ನೊಂದು ತುದಿ ಹಿಡಿದು ಗಾಡಿಯೊಳಗಿಟ್ಟು, ಒಂದು ಮಾತೂ ಆಡದೆ ತಿರುಗಿ ಬಂದನಂತೆ. ಇದನ್ನೂ ವೈನಿಯೇ ಹೇಳಿದ್ದು. ಅಷ್ಟಕ್ಕೆ ಅವರು ಒಂದಾದರು ಎಂದು ಬರೆಯಲು ನನಗೆ ಆಸೆ, ಆದರೆ ಆಗಲಿಲ್ಲ.

ನಮ್ಮ ಓಣಿಗೆ ಗಾಡಿ ಬಂತು. ಮೆರೂನ್ ಕವರು, ಗೊಂಡೆಯ ಪರದೆ, ಹಗಲಲ್ಲೇ ಹಚ್ಚಿದ ಹಳದಿ ದೀಪ. ತಮ್ಮ ಇಸ್ತ್ರಿಯ ಅಂಗಿ ತೊಟ್ಟು, ನನಗಾಗಿ ಬಾಗಿಲು ತೆರೆದು ನಿಂತ. ಮಕ್ಕಳು ಮುಂದೆ ಕೂತರು. ನಾನು ನನ್ನ ಬಾಜುವಿನಲ್ಲಿ ಕೂತೆ. ಅವ್ವ ಬೀಸುವಾಗ ಹಾಡುತ್ತಿದ್ದಂಥ ಹಾಡುಗಳನ್ನು ಎಲ್ಲೆಲ್ಲೋ ಹುಡುಕಿ ಒಂದೇ ಕ್ಯಾಸೆಟ್ಟಿಗೆ ತುಂಬಿಸಿದ್ದ. "ಕೇಳು ಈಗ," ಎಂದು ಹಚ್ಚಿದ. ಹೆಂಗಸಿನ ದನಿಯೊಂದು ನನ್ನ ಕಿವಿಯ ಪಕ್ಕದಲ್ಲೇ ಎದ್ದಿತು. ಆ ವಾರವೆಲ್ಲ ಅತ್ತೆಗೆ ಜ್ವರ, ಐದು ಬಗೆಯ ಉಂಡೆ ಕಟ್ಟಿದ್ದೆ, ಸೊಂಟ ಬಿದ್ದುಹೋಗಿತ್ತು. ಎರಡನೆಯ ಹಾಡು ಶುರುವಾದದ್ದು ನೆನಪಿದೆ.

ಕಣ್ಣು ಬಿಟ್ಟಾಗ ಗಾಡಿ ತವರುಮನೆಯ ಮುಂದೆ ನಿಂತಿತ್ತು. ಹಾಡು ಇಲ್ಲ. ಮಕ್ಕಳು ಆಗಲೇ ಜೋಕಾಲಿಯ ಮೇಲಿದ್ದರು. ತಮ್ಮ ಸ್ಟೇರಿಂಗಿನ ಮೇಲೆ ಕೈಯಿಟ್ಟು ಸುಮ್ಮನೆ ಕೂತಿದ್ದ.

"ಬಂದು ಎಷ್ಟೊತ್ತಾತೋ?"

"ಈಗ ಬಂದೇವಿ ತಗೋ. ಸೌಂಡ್ ಹೆಂಗಿತ್ತಕ್ಕಾ?"

"ಭಾಳ ಚಲೋ ಇತ್ತು. ಎಲ್ಲಾ ಕೇಳಿದ್ನಿ."

ಅವನು ನಕ್ಕ. "ಮನಗೂಳಿ ಊರು ಬರೂದ್ರಾಗ ಬಂದ್ ಮಾಡೇನಿ ಅಕ್ಕಾ. ನೀ ಬಾಯಿ ತಕ್ಕೊಂಡು ಮಲಗಿದ್ದಿ."

ನನಗೆ ಅಳು ಬಂತು. ಇಷ್ಟು ವರ್ಷ ಬಿಗಿದು ಬಿಚ್ಚಿ, ಬಿಗಿದು ಬಿಚ್ಚಿ ಮಾಡಿದ್ದನ್ನು ಒಂದೂವರೆ ಹಾಡಿಗೆ ಮುಗಿಸಿಬಿಟ್ಟೆನಲ್ಲ! ಸೆರಗಿನಿಂದ ಕಣ್ಣೊರೆಸಿಕೊಂಡು ಇಳಿಯಲು ಹೊರಟೆ. ತಮ್ಮ ಕೈ ಅಡ್ಡ ಹಿಡಿದ.

"ಇನ್ನೊಂದೀಟು ಮಲ್ಕೋ. ಒಳಗ ಹೋದ್ರ ಕೆಲಸಾ ಹಚ್ತಾರ."

ಅವನು ಇಳಿದ, ಪರದೆ ಎಳೆದ, ಸಪ್ಪಳವಾಗದಂತೆ ಬಾಗಿಲು ಒತ್ತಿದ. ಮದುವೆಯಾದಂದಿನಿಂದ ನನಗೆ ಆ ಮಾತು ಹೇಳಿದವರು ಅವನೊಬ್ಬನೇ. ನಾನು ಮಲಗಿದೆ.